ಕ್ಲೋರೋಫಾರ್ಮ್ ಬಿಟ್ಟು ಎಲೆಕ್ಟ್ರೋಡ್ ಹಿಡಿದ ಕಥೆ: ಭೋಸರಿಯ ಒಂದು ಡಿಟರ್ಜೆಂಟ್ ಲ್ಯಾಬಿನಿಂದ

ನಮ್ಮ ಲ್ಯಾಬಿನಲ್ಲಿ ಈಗ ದಿನದ ಬ್ಯಾಚ್‌ಗಳಿಗೆ ಕ್ಲೋರೋಫಾರ್ಮ್ ಮುಟ್ಟುತ್ತಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಲಿಕ್ವಿಡ್, ಟ್ಯಾಂಕರಿನಲ್ಲಿ ಬರುವ ಆಸಿಡ್ ಸ್ಲರಿ (ಡಿಟರ್ಜೆಂಟಿನ ಕಚ್ಚಾ ಮಾಲು), ಎಲ್ಲದರ ಆಕ್ಟಿವ್ ಮ್ಯಾಟರ್, ಅಂದರೆ ಕೊಳೆ ತೆಗೆಯುವ ಸರ್ಫ್ಯಾಕ್ಟೆಂಟ್ ಶೇಕಡಾ ಎಷ್ಟಿದೆ ಅನ್ನುವುದನ್ನು, ಸರ್ಫ್ಯಾಕ್ಟೆಂಟ್ ಎಲೆಕ್ಟ್ರೋಡ್ ಇಟ್ಟು ನೋಡುತ್ತೇವೆ. ಹೇಳೋಕೆ ಒಂದೇ ಸಾಲು. ಆದರೆ ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ಒಂದು ಬೇಸಿಗೆ, ಒಂದು ಮಳೆಗಾಲ ಎರಡೂ ಮುಗಿದವು.

ಶುರು ಮಾಡುವ ಮೊದಲು ಓದೋಕೆ ಅಂತ ಹುಡುಕಿದಾಗ ನನಗೆ ಸಿಕ್ಕಿದ್ದು ಕಂಪನಿಗಳ ಬ್ರೋಶರ್‌ಗಳು. ಅವುಗಳಲ್ಲಿ ಎಲ್ಲ ಕರ್ವ್‌ಗಳೂ ಚೆಂದ. ನಮ್ಮಂಥ ಸಣ್ಣ ಯೂನಿಟ್‌ನಲ್ಲಿ ಏನೇನು ಕೈ ಕೊಡುತ್ತದೆ ಅಂತ ಯಾರೂ ಬರೆದಿರಲಿಲ್ಲ. ಪುಣೆ ಜಿಲ್ಲೆಯ ಭೋಸರಿ, ಚಾಕಣ, ಕುರ್ಕುಂಭ ಕಡೆ ಕ್ಯೂಸಿ (ಗುಣಮಟ್ಟದ ತಪಾಸಣೆ) ನೋಡಿಕೊಳ್ಳುವ ಕನ್ನಡದವರು ಬಹಳ ಜನ ಇದ್ದೀರಿ. ನಿಮ್ಮಲ್ಲಿ ಯಾರಾದರೂ ಇದೇ ದಾರಿ ಹಿಡಿಯುವವರಿದ್ದರೆ ಇದನ್ನು ಓದಿಕೊಂಡು ಹೋಗಿ.

ನಾನು ಧಾರವಾಡದವಳು. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಕೆಮಿಸ್ಟ್ರಿ. ಮದುವೆಯಾದ ಮೇಲೆ ಪುಣೆ. ನಮ್ಮದು ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿರುವ ಸಣ್ಣ ಫ್ಯಾಕ್ಟರಿ. ಬೇರೆಯವರ ಬ್ರ್ಯಾಂಡಿಗೆ ಲಿಕ್ವಿಡ್ ಮಾಡಿ ಕೊಡುತ್ತೇವೆ. ಮಾಲೀಕರು ಸಂಕೇಶ್ವರದ ಕಡೆಯವರು, ಲ್ಯಾಬಿನಲ್ಲಿ ನನ್ನ ಜೊತೆಗಿರುವ ಹುಡುಗಿ ವಿಜಯಪುರದವಳು. ಹೀಗಾಗಿ ಆಫೀಸಿನ ಅರ್ಧ ಜಗಳ ಕನ್ನಡದಲ್ಲೇ ಆಗುತ್ತದೆ.

ಹಳೆಯ ಪದ್ಧತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಎಪ್ಟನ್ ಎಂಬುವರು 1947ರಲ್ಲಿ ತೋರಿಸಿಕೊಟ್ಟ ಎರಡು ಪದರದ ಟೈಟ್ರೇಶನ್ ಅದು. ಟೈಟ್ರೇಶನ್ ಅಂದರೆ ಅಳತೆ ಗೊತ್ತಿರುವ ದ್ರಾವಣ ಬಿಡುತ್ತಾ ಹೋಗಿ, ಎಷ್ಟು ಹಿಡಿಯಿತು ಅನ್ನುವುದರಿಂದ ಲೆಕ್ಕ ಹಾಕುವುದು. ಐಎಸ್‌ಒ 2271 ಅಂತ ಅದಕ್ಕೊಂದು ಸ್ಟ್ಯಾಂಡರ್ಡೂ ಇದೆ. ಮುಚ್ಚಳದ ಸಿಲಿಂಡರಿನಲ್ಲಿ ಸ್ಯಾಂಪಲ್ ನೀರು, ಕ್ಲೋರೋಫಾರ್ಮ್, ಎರಡು ಬಣ್ಣ ಬೆರೆಸಿದ ಇಂಡಿಕೇಟರ್ ಹಾಕಬೇಕು. ಮೇಲಿನಿಂದ ಹಯಾಮಿನ್ 1622 ಅನ್ನುವ, ಸರ್ಫ್ಯಾಕ್ಟೆಂಟ್ ಜೊತೆ ಜೋಡಿ ಕಟ್ಟುವ ದ್ರಾವಣ ಸ್ವಲ್ಪ ಸ್ವಲ್ಪ ಬಿಡಬೇಕು. ಪ್ರತಿ ಸಲ ಮುಚ್ಚಿ ಜೋರಾಗಿ ಅಲುಗಿಸಿ, ಪದರ ಬೇರೆಯಾಗುವವರೆಗೆ ಕಾಯಬೇಕು. ಕೆಳಗಿನ ಕ್ಲೋರೋಫಾರ್ಮ್ ಗುಲಾಬಿಯಿಂದ ಬೂದು ಮಿಶ್ರಿತ ನೀಲಿಗೆ ತಿರುಗಿದ ಗಳಿಗೆಯೇ ಎಂಡ್ ಪಾಯಿಂಟ್. ಒಂದು ಹನಿ ಜಾಸ್ತಿ ಬಿದ್ದರೆ ಪೂರ್ತಿ ನೀಲಿ. ನನಗೆ ಬೂದು ಕಂಡಿದ್ದು ಆ ಹುಡುಗಿಗೆ ಇನ್ನೂ ಗುಲಾಬಿ ಕಾಣುತ್ತಿತ್ತು. ಟ್ಯೂಬ್‌ಲೈಟ್ ಹಳೆಯದಾದರಂತೂ ದೇವರೇ ಗತಿ.

ಇಷ್ಟಾದರೂ ಅದು ಕೆಟ್ಟ ಪದ್ಧತಿ ಅಂತ ನಾನು ಹೇಳುವುದಿಲ್ಲ. ಸರಿಯಾಗಿ ಮಾಡಿದರೆ ಇವತ್ತಿಗೂ ನಂಬಬಹುದು. ನಮಗೆ ಬೇಡವಾಗಿದ್ದು ಕ್ಲೋರೋಫಾರ್ಮ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು 2ಬಿ ಗುಂಪಿನಲ್ಲಿ ಇಟ್ಟಿದೆ, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುವ ಸಾಧ್ಯತೆ ಇರುವ ವಸ್ತು. ಬೆಳಕು, ಗಾಳಿ ತಾಗಿದರೆ ನಿಧಾನವಾಗಿ ಫಾಸ್ಜೀನ್ ಎಂಬ ವಿಷಾನಿಲ ಆಗುತ್ತದೆ. ಅದಕ್ಕೇ ಕಂದು ಬಾಟಲಿ, ಅದಕ್ಕೇ ಒಳಗೆ ಸ್ವಲ್ಪ ಎಥನಾಲ್. ನಮ್ಮ ಫ್ಯೂಮ್ ಹುಡ್ ಹೆಸರಿಗೆ ಮಾತ್ರ ಹುಡ್. ಮಧ್ಯಾಹ್ನದ ಹೊತ್ತಿಗೆ ತಲೆ ಭಾರ.

ಮಾರ್ಚ್ ಹೊತ್ತಿಗೆ ವಿಜಯಪುರದ ಹುಡುಗಿ ಒಂದು ದಿನ ಮೆಲ್ಲಗೆ ಬಂದು ಹೇಳಿದಳು. "ಅಕ್ಕಾ, ಡಾಕ್ಟರು ಕೇಳಿದ್ರು, ಯಾವ ಕೆಮಿಕಲ್ ನಡುವ ಕೆಲಸ ಮಾಡ್ತಿ ಅಂತ. ಏನ್ ಹೇಳ್ಲಿ?" ಅವಳಿಗೆ ಮೂರನೇ ತಿಂಗಳು. ಅವತ್ತಿನಿಂದ ಟೈಟ್ರೇಶನ್ ಪೂರ್ತಿ ನಾನೇ ಮಾಡಿದೆ. ಆದರೆ ಒಂದೇ ಕೋಣೆಯಲ್ಲಿ ಇಬ್ಬರೂ ಕೂರುವಾಗ ಅದರಿಂದ ಎಷ್ಟು ಉಪಯೋಗ? ಸಂಜೆ ಮಾಲೀಕರ ಕ್ಯಾಬಿನ್‌ಗೆ ಹೋದೆ.

"ಈಗಿಂದು ನಡ್ಯಾಕತ್ತೈತಲ್ಲವಾ, ಮತ್ತ್ಯಾಕ ಹೊಸಾದು?" ಅಂದರು. ಎಷ್ಟು ಖರ್ಚು ಅಂತ ಕೇಳಿದರು. ನನಗೂ ಗೊತ್ತಿರಲಿಲ್ಲ. ಕೊಟೇಶನ್ ತರಿಸುತ್ತೇನೆ ಅಂದೆ.

ಬಂದ ಕೊಟೇಶನ್‌ಗಳೆಲ್ಲ ಆಟೋ ಟೈಟ್ರೇಟರ್‌ನವು. ಕಡಿಮೆ ಅಂದರೆ 6 ಲಕ್ಷ, ಅಲ್ಲಿಂದ ಮೇಲಕ್ಕೆ. ಮಾಲೀಕರು ಕಾಗದ ಮಡಿಚಿ ಡ್ರಾಯರಿಗೆ ಹಾಕಿದರು. ಕೇಳಿ ಮುಜುಗರ ಆಯಿತು, ಬೇಸರವೂ ಆಯಿತು. ಆಮೇಲೆ ಒಂದು ವಿಷಯ ಹೊಳೆಯಿತು. ನಿಜವಾಗಿ ಬೇಕಾದದ್ದು ಎಲೆಕ್ಟ್ರೋಡ್. ಮಷೀನು ಬ್ಯುರೆಟ್ ಓಡಿಸುತ್ತದೆ, ಮಿಲಿವೋಲ್ಟ್ ಬರೆದುಕೊಳ್ಳುತ್ತದೆ, ಕರ್ವ್ ಹಾಕುತ್ತದೆ. ಬ್ಯುರೆಟ್ ನಮ್ಮ ಹತ್ತಿರ ಇದೆ. ಪಿಎಚ್ ಮೀಟರಿನಲ್ಲಿ ಮಿಲಿವೋಲ್ಟ್ ಬಟನ್ ಇದೆ, ಯಾರೂ ಒತ್ತಿಲ್ಲ ಅಷ್ಟೇ. ಕರ್ವಿಗೆ ಎಕ್ಸೆಲ್ ಸಾಕು. ದಿನಕ್ಕೆ ನಾಲ್ಕೈದು ಸ್ಯಾಂಪಲ್ ಇರುವ ಲ್ಯಾಬಿಗೆ ಇದು ಧಾರಾಳವಾಗಿ ನಡೆಯುತ್ತದೆ. ದಿನಕ್ಕೆ ಇಪ್ಪತ್ತು ಮೂವತ್ತು ಸ್ಯಾಂಪಲ್ ಇದ್ದರೆ ಮಾತ್ರ ಮಷೀನು ತಗೊಳ್ಳಿ, ಅಷ್ಟನ್ನೂ ಕೈಯಲ್ಲೇ ಮಾಡಿದರೆ ಕೈ ಬಿದ್ದುಹೋಗುತ್ತದೆ.

ಎಲೆಕ್ಟ್ರೋಡ್ ಮಾತ್ರ ಬೇಕು ಅಂದಾಗ ಡೀಲರಿನ ಉತ್ಸಾಹ ಇಳಿಯಿತು. ಫೋನ್ ಎತ್ತುವುದೂ ಕಡಿಮೆಯಾಯಿತು. ಕೊನೆಗೆ ಇನ್ನೊಬ್ಬರು ಸಿಕ್ಕರು. ವಿದೇಶದಿಂದ ಬರಬೇಕು, ಆರರಿಂದ ಎಂಟು ವಾರ, ಅರ್ಧ ದುಡ್ಡು ಮುಂಗಡ ಅಂದರು. ಪಿಒ (ಖರೀದಿ ಆರ್ಡರ್) ಹಾಕಿದೆವು. ಎಂಟು ವಾರ ದಾಟಿತು. ಕೇಳಿದಾಗಲೆಲ್ಲ "ಕಸ್ಟಮ್ಸ್‌ನಲ್ಲಿದೆ". ವಿಠ್ಠಲನ ಭಕ್ತರ ಪಾಲಖಿ ಮೆರವಣಿಗೆ ಆಳಂದಿಯಿಂದ ಹೊರಟು ಪಂಢರಪುರದ ದಾರಿ ಹಿಡಿಯಿತು, ನಮ್ಮ ಪಾರ್ಸೆಲ್ ಮಾತ್ರ ಬರಲಿಲ್ಲ.

ಬಂದ ದಿನ ಖುಷಿಯಿಂದ ಬಿಚ್ಚಿದರೆ ಪೆನ್ನಿನಷ್ಟು ದಪ್ಪದ ಒಂದು ಕಡ್ಡಿ. ತುದಿಯಲ್ಲಿ ಪೊರೆ. ಮೇಲೆ ಸ್ಕ್ರೂ ತಲೆ. ಕೇಬಲ್ ಇಲ್ಲ. ಅದರ ಓದನ್ನು ಹೋಲಿಸಲು ಬೇಕಾದ ಜೋಡಿ, ರೆಫರೆನ್ಸ್ ಎಲೆಕ್ಟ್ರೋಡೂ ಇಲ್ಲ. ಡೀಲರಿಗೆ ಫೋನ್ ಮಾಡಿದರೆ "ಮ್ಯಾಡಮ್, ಅವೆರಡೂ ಸೆಪರೇಟ್ ಐಟಂ" ಅಂದರು.

ಇದನ್ನು ದಯವಿಟ್ಟು ನೆನಪಿಡಿ. ಪಿಎಚ್ ಎಲೆಕ್ಟ್ರೋಡ್ ಕೊಂಡು ರೂಢಿಯಾದವರಿಗೆ ಒಂದೇ ಕಡ್ಡಿಯೊಳಗೆ ರೆಫರೆನ್ಸೂ ಇರುತ್ತದೆ ಅನ್ನಿಸುತ್ತದೆ. ಸರ್ಫ್ಯಾಕ್ಟೆಂಟ್ ಎಲೆಕ್ಟ್ರೋಡ್ ಬಹುತೇಕ ಅರ್ಧ ಜೋಡಿ ಮಾತ್ರ. ಸಿಲ್ವರ್, ಸಿಲ್ವರ್ ಕ್ಲೋರೈಡ್ ರೆಫರೆನ್ಸ್ ಬೇರೆ ತಗೊಳ್ಳಬೇಕು. ತಗೊಳ್ಳುವಾಗ ಡಬಲ್ ಜಂಕ್ಷನ್ ಇರುವುದನ್ನೇ ಕೇಳಿ, ಯಾಕೆ ಅಂತ ಮುಂದೆ ಹೇಳುತ್ತೇನೆ. ಕೇಬಲಿನ ಒಂದು ತುದಿ ಎಲೆಕ್ಟ್ರೋಡಿನ ತಲೆಗೆ, ಇನ್ನೊಂದು ತುದಿ ನಿಮ್ಮ ಮೀಟರಿನ ಬಿಎನ್‌ಸಿ ಸಾಕೆಟ್‌ಗೆ ಕೂರಬೇಕು. ರೆಫರೆನ್ಸ್ ಪಿನ್‌ಗೆ ಮೀಟರಿನ ಹಿಂದೆ ಬೇರೆ ತೂತು ಇದೆಯಾ ನೋಡಿ. ಮೀಟರಿನ ಹಿಂಭಾಗದ ಫೋಟೋ ತೆಗೆದು ಡೀಲರಿಗೆ ಕಳಿಸಿ, "ಇದಕ್ಕೆ ಕೂರುತ್ತದೆ" ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ. ನಮಗೆ ಮತ್ತೆ ಕೆಲವು ವಾರ ಕಾಯುವುದು ಬಂತು.

ಎಲ್ಲ ಸೇರಿ ಒಂದೂಕಾಲು ಲಕ್ಷ ದಾಟಿತು. ಮೇಲೆ 18% ಜಿಎಸ್‌ಟಿ, ಅದಕ್ಕೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ. ಅಕೌಂಟ್ಸ್‌ನವರಿಗೆ ಮೊದಲೇ ಹೇಳಿ. ಪೊರೆ ಸವೆಯುವ ವಸ್ತು, ಆದ್ದರಿಂದ ವಾರಂಟಿ ಅಂತ ದೊಡ್ಡ ಭರವಸೆ ಬೇಡ.

ಮಾಲೀಕರು ಬಂದು ನೋಡಿ ಕೇಳಿದ ಮೊದಲ ಪ್ರಶ್ನೆ: "ಇದನ್ನ ಲಿಕ್ವಿಡ್‌ನಾಗ ಅದ್ದಿದ್ರ ಪರ್ಸೆಂಟ್ ತೋರಸ್ತೈತೇನು?" ಎಲ್ಲರೂ ಇದನ್ನೇ ಕೇಳುತ್ತಾರೆ. ಉತ್ತರ, ಇಲ್ಲ. ಯಾಕೆ ಅಂತ ಅರ್ಥ ಮಾಡಿಕೊಂಡರೆ ಮುಂದಿನ ಅರ್ಧ ಗೊಂದಲ ತಪ್ಪುತ್ತದೆ.

ಎಲೆಕ್ಟ್ರೋಡಿನ ತುದಿಯಲ್ಲಿರುವುದು ಪಿವಿಸಿ ಪೊರೆ. ಅದರೊಳಗೆ ಪ್ಲಾಸ್ಟಿಸೈಜರ್, ಜೊತೆಗೆ ಸರ್ಫ್ಯಾಕ್ಟೆಂಟ್ ಅಯಾನನ್ನು ಗುರುತಿಸುವ ಒಂದು ವಸ್ತು. ನೀರಿನಲ್ಲಿ ಸರ್ಫ್ಯಾಕ್ಟೆಂಟ್ ಅಯಾನು ಹತ್ತು ಪಟ್ಟು ಬದಲಾದರೆ 25 ಡಿಗ್ರಿಯಲ್ಲಿ ಹೆಚ್ಚುಕಡಿಮೆ 59 ಮಿಲಿವೋಲ್ಟ್ ಬದಲಾಗುತ್ತದೆ, ಪಿಎಚ್ ಎಲೆಕ್ಟ್ರೋಡಿನ ಲೆಕ್ಕವೇ. ಹತ್ತು ಪಟ್ಟಿಗೆ 59 ಅಂದರೆ ಒಂದೆರಡು ಮಿಲಿವೋಲ್ಟ್ ಅತ್ತಿತ್ತ ಆದರೂ ಉತ್ತರ ಶೇಕಡಾ ಐದು, ಹತ್ತು ತಪ್ಪುತ್ತದೆ. ಪೊರೆಯ ಓದು ದಿನದಿಂದ ದಿನಕ್ಕೆ ಅಷ್ಟು ಸರಿದೇ ಸರಿಯುತ್ತದೆ. ಸಾಲದ್ದಕ್ಕೆ ಒಂದು ಮಟ್ಟ ದಾಟಿದರೆ ಸರ್ಫ್ಯಾಕ್ಟೆಂಟ್ ಅಣುಗಳು ಗುಂಪು ಕಟ್ಟಿಕೊಳ್ಳುತ್ತವೆ, ಮಿಸೆಲ್ ಅನ್ನುತ್ತೇವೆ. ಸೋಡಿಯಂ ಲಾರಿಲ್ ಸಲ್ಫೇಟಿಗೆ ಆ ಮಟ್ಟ ಲೀಟರಿಗೆ ಸುಮಾರು 8 ಮಿಲಿಮೋಲ್. ಅಲ್ಲಿಂದ ಮೇಲೆ ಎಷ್ಟು ಹಾಕಿದರೂ ಬಿಡಿ ಅಯಾನು ಹೆಚ್ಚುವುದಿಲ್ಲ, ಎಲೆಕ್ಟ್ರೋಡ್ ಸುಮ್ನೆ ಕೂರುತ್ತದೆ.

ಅದಕ್ಕೇ ಅದನ್ನು ಕಾವಲಿಗೆ ಮಾತ್ರ ಇಡುವುದು. ಸ್ಯಾಂಪಲ್ ತೆಳು ಮಾಡಿ, ಹಯಾಮಿನ್ ಬಿಡುತ್ತಾ ಹೋಗಿ. ಹಯಾಮಿನ್ ಒಂದೊಂದೇ ಅನಯಾನಿಕ್ (ಋಣ ಚಾರ್ಜಿನ) ಸರ್ಫ್ಯಾಕ್ಟೆಂಟ್ ಅಣುವನ್ನು ಜೋಡಿ ಮಾಡಿಕೊಂಡು ತೆಗೆದುಹಾಕುತ್ತದೆ. ಕೊನೆಯದೂ ಮುಗಿದ ಕೂಡಲೇ ಮಿಲಿವೋಲ್ಟ್ ಒಮ್ಮೆಲೇ ಜಿಗಿಯುತ್ತದೆ. ಆ ಜಿಗಿತ ಎಷ್ಟು ಮಿಲಿಲೀಟರಿಗೆ ಬಂತು ಅನ್ನುವುದಷ್ಟೇ ನಮಗೆ ಬೇಕು. ಜಿಗಿತ ಯಾವ ಮಿಲಿವೋಲ್ಟಿನಲ್ಲಿ ಆಯಿತು ಅನ್ನುವುದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಬಣ್ಣ ನೋಡುವ ಕಣ್ಣಿನ ಜಾಗದಲ್ಲಿ ಪೊರೆ ಬಂತು, ಕೆಳಗಿನ ರಸಾಯನ ಹಳೆಯದೇ.

ಮೊದಲು ಶುದ್ಧ ಲಾರಿಲ್ ಸಲ್ಫೇಟ್ ತಗೊಂಡೆ. ಮೊದಲ ಕರ್ವ್ ಕರ್ವ್‌ನಂತೆಯೇ ಇರಲಿಲ್ಲ. ಎರಡನೆಯದೂ ಅಷ್ಟೇ. ಎದೆ ಧಸಕ್ಕೆಂದಿತು, ಅಷ್ಟು ದುಡ್ಡು ಹಾಕಿಸಿದ್ದೇನಲ್ಲ! ಆಮೇಲೆ ಎಲೆಕ್ಟ್ರೋಡಿನ ಜೊತೆ ಬಂದ ಸಣ್ಣ ಹಾಳೆಯಲ್ಲಿ ಕಂಡಿತು: ಹೊಸ ಪೊರೆ ಪಳಗಬೇಕು, ಮೊದಲ ಕೆಲವು ಟೈಟ್ರೇಶನ್ ಮಾಡಿ ಫಲಿತಾಂಶ ಬಿಟ್ಟುಬಿಡಿ. ಹಾಗೆಯೇ ಮಾಡಿದೆ. ಸಂಜೆ ಹೊತ್ತಿಗೆ ಎಸ್ ಆಕಾರ ಬಂತು. ಈಗಲೂ ಪ್ರತಿದಿನ ಬೆಳಿಗ್ಗೆ ಒಂದು ಸ್ಟ್ಯಾಂಡರ್ಡ್ (ಅಳತೆ ಗೊತ್ತಿರುವ ಲಾರಿಲ್ ಸಲ್ಫೇಟ್) ಓಡಿಸಿ ಬಿಟ್ಟುಬಿಡುತ್ತೇನೆ, ಎರಡನೆಯದನ್ನು ಲೆಕ್ಕಕ್ಕೆ ಹಿಡಿಯುತ್ತೇನೆ.

ಇನ್ನೊಂದು ಕಾಟ ಮಿಲಿವೋಲ್ಟ್ ಕುಣಿಯುವುದು. ನಾನು ಕುರ್ಚಿ ಸರಿಸಿದರೂ ಅಂಕಿ ಓಡುತ್ತಿತ್ತು. ಸ್ಟಿರರ್ ಆನ್ ಮಾಡಿದರೆ ಇನ್ನೂ ಜಾಸ್ತಿ. ಎಲೆಕ್ಟ್ರೋಡೇ ಕೆಟ್ಟಿದೆ ಅಂತ ಡೀಲರಿಗೆ ಬೈದು ಮೇಲ್ ಬರೆಯುವವಳಿದ್ದೆ. ಆದರೆ ಬ್ಯಾಟರಿಯಲ್ಲಿ ನಡೆಯುವ ಇನ್ನೊಂದು ಮೀಟರಿಗೆ ಹಾಕಿ ನೋಡಿದಾಗ ಅಂಕಿ ತಣ್ಣಗೆ ಕೂತಿತು. ಪಿವಿಸಿ ಪೊರೆಯ ರೋಧ ಬಹಳ ಹೆಚ್ಚು, ಸುತ್ತಲಿನ ಕರೆಂಟಿನ ಗದ್ದಲವನ್ನೆಲ್ಲ ಎಳೆದುಕೊಳ್ಳುತ್ತದೆ. ಗುರುವಾರ ಫ್ಯಾಕ್ಟರಿಗೆ ವಾರದ ರಜೆ. ಅವತ್ತು ಎಲೆಕ್ಟ್ರಿಷಿಯನ್ ಕರೆಸಿದರೆ ಲ್ಯಾಬಿನ ಬೋರ್ಡಿಗೆ ಅರ್ಥಿಂಗೇ ಸರಿಯಾಗಿರಲಿಲ್ಲ. ಇಷ್ಟು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ತಂತಿ ಬದಲಾಯಿಸಿದ ಮೇಲೆ ಸಮಸ್ಯೆ ಹೋಯಿತು. ಎಲೆಕ್ಟ್ರೋಡಿಗೆ ಬೈಯುವ ಮೊದಲು ಅರ್ಥಿಂಗ್ ನೋಡಿ.

ಸ್ಟ್ಯಾಂಡರ್ಡ್ ಚೆನ್ನಾಗಿ ಬಂತು ಅಂತ ನಮ್ಮ ಸ್ವಂತ ಮಾಲಿಗೆ ಬಂದೆ. ಇಲ್ಲಿ ನಿಜವಾದ ಕೆಲಸ ಶುರು.

ಮೊದಲ ತೊಂದರೆ ನೊರೆ. ಪಾತ್ರೆ ಲಿಕ್ವಿಡ್ ಅಂದ ಮೇಲೆ ನೊರೆ ಬರದೆ ಇರುತ್ತದಾ? ಜೋರಾಗಿ ತಿರುಗಿಸಿದರೆ ಬೀಕರಿನ ಗೋಡೆಗೆ ನೊರೆ ಹತ್ತಿ ಕೂರುತ್ತದೆ. ಆ ನೊರೆಯಲ್ಲಿ ಇರುವುದು ನಾವು ಅಳೆಯಬೇಕಾದ ಸರ್ಫ್ಯಾಕ್ಟೆಂಟೇ. ಅದು ನೀರಿಗೆ ಇಳಿಯದಿದ್ದರೆ ಫಲಿತಾಂಶ ಕಡಿಮೆ ಬರುತ್ತದೆ. ಎತ್ತರದ ಬೀಕರ್, ಉದ್ದ ಮ್ಯಾಗ್ನೆಟ್, ಸುಳಿ ಬೀಳದಷ್ಟು ನಿಧಾನದ ವೇಗ. ಜೊತೆಗೆ 100 ಮಿಲಿಗೆ ಸುಮಾರು 5 ಮಿಲಿ ಮೆಥನಾಲ್. ಮೆಥನಾಲ್ ನೊರೆ ತಗ್ಗಿಸುವುದರ ಜೊತೆಗೆ ಹಯಾಮಿನ್ ಜೋಡಿಯ ಅಂಟು ಪೊರೆಗೆ ಹತ್ತುವುದನ್ನೂ ಕಡಿಮೆ ಮಾಡುತ್ತದೆ. ಜಾಸ್ತಿ ಹಾಕಬೇಡಿ, ಪೊರೆಯ ಆಯಸ್ಸು ಹೋಗುತ್ತದೆ. ಕ್ಲೋರೋಫಾರ್ಮನ್ನಂತೂ ಇದರ ಹತ್ತಿರ ತರಲೇಬೇಡಿ, ಪಿವಿಸಿ ಕರಗುತ್ತದೆ.

ಎರಡನೆಯದು ಪಿಎಚ್. ಬಟ್ಟೆ ಲಿಕ್ವಿಡ್‌ನಲ್ಲಿ ನಾವು ಸ್ವಲ್ಪ ಸೋಪೂ ಹಾಕುತ್ತೇವೆ. ಪಿಎಚ್ 3ಕ್ಕೆ ಇಳಿಸಿದರೆ ಸೋಪು ಕೊಬ್ಬಿನ ಆಮ್ಲವಾಗಿ ಬಿಡುತ್ತದೆ, ಅದರ ಮೇಲೆ ಚಾರ್ಜ್ ಇರುವುದಿಲ್ಲ, ಹಯಾಮಿನ್ ಅದನ್ನು ಮುಟ್ಟುವುದಿಲ್ಲ. ಆಗ ಸಲ್ಫೋನೇಟ್, ಸಲ್ಫೇಟ್ ಮಾತ್ರ ಎಣಿಕೆಗೆ ಬರುತ್ತವೆ. ಪಿಎಚ್ ಕ್ಷಾರದ ಕಡೆ ಒಯ್ದರೆ ಸೋಪೂ ಸೇರುತ್ತದೆ. ಎರಡನ್ನೂ ಮಾಡಿ ಕಳೆದರೆ ಸೋಪಿನ ಅಂದಾಜು ಸಿಗುತ್ತದೆ. ಬಣ್ಣದ ಪದ್ಧತಿಯಲ್ಲಿ ಇದಕ್ಕೆ ಇಂಡಿಕೇಟರೇ ಬದಲಾಯಿಸಬೇಕಾಗಿತ್ತು, ಇಲ್ಲಿ ಸಲೀಸು.

ಆದರೆ ಪಾತ್ರೆ ಲಿಕ್ವಿಡ್ ಕೈ ಕೊಟ್ಟಿತು. ಅದರಲ್ಲಿ ಬಿಟೇನ್ ಅನ್ನುವ ಇನ್ನೊಂದು ಬಗೆಯ ಸರ್ಫ್ಯಾಕ್ಟೆಂಟ್ ಇದೆ. ಪಿಎಚ್ 3ರಲ್ಲಿ ಮಾಡಿದಾಗ ನಾವು ಹಾಕಿದ್ದಕ್ಕಿಂತ ಆಕ್ಟಿವ್ ಕಡಿಮೆ ಬಂತು, ಅದೂ ಪ್ರತಿ ಬ್ಯಾಚ್‌ಗೆ. ಆಮ್ಲದಲ್ಲಿ ಬಿಟೇನ್ ಕ್ಯಾಟಯಾನಿಕ್ (ಧನ ಚಾರ್ಜಿನ) ಥರ ನಡೆದುಕೊಂಡು ಅನಯಾನಿಕ್ ಜೊತೆ ತಾನೇ ಜೋಡಿ ಕಟ್ಟುತ್ತದೆ. ಹಯಾಮಿನ್‌ಗೆ ಉಳಿಯುವುದು ಮಿಕ್ಕಿದ್ದು. ಈ ಲಿಕ್ವಿಡ್‌ನಲ್ಲಿ ಸೋಪು ಇಲ್ಲವಾದ್ದರಿಂದ ಪಿಎಚ್ ಮೇಲಕ್ಕೆ ಒಯ್ದು ನೋಡಿದೆ, ಸರಿಹೋಯಿತು. ಸೋಪೂ ಬಿಟೇನೂ ಎರಡೂ ಇರುವ ಮಾಲು ನಿಮ್ಮದಾದರೆ ಒಂದೇ ಪಿಎಚ್‌ನಲ್ಲಿ ಕೆಲಸ ಮುಗಿಯುವುದಿಲ್ಲ, ಮೊದಲೇ ಹೇಳಿರುತ್ತೇನೆ. ಡೆಮೋದಲ್ಲಿ ಇವೆಲ್ಲ ಗೊತ್ತಾಗುವುದಿಲ್ಲ. ಡೆಮೋ ಮಾಡುವವರು ಶುದ್ಧ ಲಾರಿಲ್ ಸಲ್ಫೇಟ್ ತಂದಿರುತ್ತಾರೆ. ನಿಮ್ಮ ಅತಿ ಕೊಳಕು ಸ್ಯಾಂಪಲನ್ನೇ ಮುಂದೆ ಇಡಿ.

ಇಷ್ಟರ ಮಧ್ಯೆ ಮುಂಬೈನ ಒಬ್ಬ ಗಿರಾಕಿ ಒಂದು ಲಾಟ್ ತಡೆಹಿಡಿದರು. ನಮ್ಮ ಸರ್ಟಿಫಿಕೇಟಿನಲ್ಲಿ ಒಂದು ಅಂಕಿ, ಅವರ ಲ್ಯಾಬಿನಲ್ಲಿ ಇನ್ನೊಂದು. ಅವರದ್ದು ಮೊದಲಿಂದಲೂ ಎಲೆಕ್ಟ್ರೋಡ್, ನಮ್ಮದು ಆಗಿನ್ನೂ ಕ್ಲೋರೋಫಾರ್ಮ್ ಲೆಕ್ಕ. ಮಾಲೀಕರು ಕೆಂಪಾದರು. "ಎರಡ ಪದ್ಧತಿ, ಎರಡ ಉತ್ತರ. ಯಾವುದು ಖರೆ?" ನಾನು ಒಂದೇ ಸ್ಯಾಂಪಲನ್ನು ಎರಡೂ ಪದ್ಧತಿಯಲ್ಲಿ ಮತ್ತೆ ಮತ್ತೆ ಮಾಡಿದೆ. ಮಿಲಿಲೀಟರ್ ಹೆಚ್ಚುಕಡಿಮೆ ಒಂದೇ ಬಂತು. ಹಾಗಾದರೆ ಶೇಕಡಾ ಯಾಕೆ ಬೇರೆ?

ಸಿಕ್ಕ ಉತ್ತರ ಇಡೀ ಕಥೆಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು. ಎಲೆಕ್ಟ್ರೋಡಾಗಲಿ ಬಣ್ಣವಾಗಲಿ ಅಣುಗಳನ್ನು ಎಣಿಸುತ್ತವೆ, ಗ್ರಾಮ್ ತೂಗುವುದಿಲ್ಲ. ಗ್ರಾಮ್ ಬರೋದು ನಾವು ಹಾಕುವ ಅಣುತೂಕದಿಂದ. ಲೆಕ್ಕ ನೋಡಿ. 2 ಗ್ರಾಮ್ ಲಿಕ್ವಿಡ್ 250 ಮಿಲಿ ಮಾಡಿ, ಅದರಲ್ಲಿ 25 ಮಿಲಿ ತಗೊಂಡರೆ ಬೀಕರಿನಲ್ಲಿ 0.2 ಗ್ರಾಮ್ ಮಾಲು. 0.004 ಮೋಲಾರ್ ಹಯಾಮಿನ್ 17.5 ಮಿಲಿ ಹಿಡಿಯಿತು ಅಂದುಕೊಳ್ಳಿ. ಅಣುತೂಕ 342 ಹಾಕಿದರೆ, ಅದು ಸ್ಲರಿಯ ಸೋಡಿಯಂ ಲವಣದ್ದು, ಸುಮಾರು 12% ಬರುತ್ತದೆ. ಎಸ್‌ಎಲ್‌ಇಎಸ್ (ಸೋಡಿಯಂ ಲಾರಿಲ್ ಈಥರ್ ಸಲ್ಫೇಟ್) ಅಂದುಕೊಂಡು 382 ಹಾಕಿದರೆ 13.4%. ಅದೇ ಬೀಕರ್, ಅದೇ ಬ್ಯುರೆಟ್. ನಮ್ಮ ಲಿಕ್ವಿಡ್‌ನಲ್ಲಿ ಎರಡೂ ಬೆರೆತಿವೆ. ನಾವು ಸ್ಲರಿಯ ಅಣುತೂಕ ಹಾಕುತ್ತಿದ್ದೆವು, ಅವರು ಬೆರಕೆಯ ಸರಾಸರಿ ಹಾಕುತ್ತಿದ್ದರು. ಸರಾಸರಿಯನ್ನು ಸ್ಲರಿ ಸಪ್ಲೈಯರಿನ ಸಿಒಎ (ವಿಶ್ಲೇಷಣೆಯ ಸರ್ಟಿಫಿಕೇಟ್) ನೋಡಿ ತೆಗೆಯಬೇಕು, ಲಾಟಿನಿಂದ ಲಾಟಿಗೆ ಅದು ಸ್ವಲ್ಪ ಬದಲಾಗುತ್ತದೆ.

ಗಿರಾಕಿಯ ಕ್ಯೂಎ (ಗುಣಮಟ್ಟ ವಿಭಾಗ) ಜೊತೆ ಫೋನಿನಲ್ಲಿ ಮಾತಾಡಿ ಒಂದೇ ಅಣುತೂಕಕ್ಕೆ ಒಪ್ಪಿಕೊಂಡೆವು, ಲಿಖಿತದಲ್ಲಿ. ಲಾಟ್ ಬಿಡುಗಡೆಯಾಯಿತು. ಮಾಲೀಕರು ಅವತ್ತು ಲ್ಯಾಬಿಗೆ ವಡಾಪಾವ್ ತರಿಸಿದರು. ನಿಮ್ಮ ಸರ್ಟಿಫಿಕೇಟಿನಲ್ಲಿ ಆಕ್ಟಿವ್ ಮ್ಯಾಟರ್ ಪಕ್ಕದಲ್ಲಿ "ಅಣುತೂಕ ಇಷ್ಟು ಎಂದು ಹಿಡಿದು" ಅಂತ ಒಂದು ಸಾಲು ಸೇರಿಸಿ. ಆಮೇಲೆ ಎಷ್ಟೋ ಜಗಳ ತಪ್ಪುತ್ತದೆ.

ಕಾಗದಪತ್ರದ ಕೆಲಸ ಬೇಸರದ್ದೇ, ಬೇಗ ಹೇಳಿ ಮುಗಿಸುತ್ತೇನೆ. ಗಿರಾಕಿ ಹೊಸ ಪದ್ಧತಿಗೆ ಆಧಾರ ಕೇಳುತ್ತಾರೆ. ಅನಯಾನಿಕ್ ಆಕ್ಟಿವ್ ಅನ್ನು ಪೊಟೆನ್ಶಿಯೋಮೆಟ್ರಿಕ್ ಆಗಿ, ಅಂದರೆ ಮಿಲಿವೋಲ್ಟ್ ನೋಡಿ, ಅಳೆಯಲು ಎಎಸ್‌ಟಿಎಂ ಡಿ 4251 ಇದೆ, ಅದನ್ನು ಕೊಂಡು ನಮ್ಮ ಎಸ್‌ಒಪಿಯಲ್ಲಿ (ಕೆಲಸದ ವಿಧಾನ ಬರೆದಿಟ್ಟ ದಾಖಲೆ) ಉಲ್ಲೇಖಿಸಿದೆವು. ಒಂದೇ ಸ್ಯಾಂಪಲನ್ನು ಹಲವು ಸಲ ಮಾಡಿದ ಪಟ್ಟಿ, ಗೊತ್ತಿರುವಷ್ಟು ಸರ್ಫ್ಯಾಕ್ಟೆಂಟ್ ಸೇರಿಸಿ ವಾಪಸ್ ಎಷ್ಟು ಸಿಕ್ಕಿತು ಅನ್ನುವ ಪಟ್ಟಿ, ಹಳೆ ಹೊಸ ಪದ್ಧತಿಯ ಹೋಲಿಕೆ, ಬ್ಯುರೆಟ್ಟಿನ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್, ಹಯಾಮಿನ್‌ದ ಸಿಒಎ. ಹಯಾಮಿನ್ ತೂಗುವ ಮುಂಚೆ 105 ಡಿಗ್ರಿಯಲ್ಲಿ ಒಣಗಿಸಿ, ಮಳೆಗಾಲದಲ್ಲಿ ಅದು ನೀರು ಎಳೆದುಕೊಂಡಿರುತ್ತದೆ. ಲಾರಿಲ್ ಸಲ್ಫೇಟ್ ದ್ರಾವಣ ಹಳೆಯದು ಇಟ್ಟುಕೊಳ್ಳಬೇಡಿ, ಆಮ್ಲ ತಾಗಿದರೆ ಒಡೆಯುತ್ತದೆ.

ಉತ್ಸಾಹದಲ್ಲಿ ನಾನ್‌ಅಯಾನಿಕ್‌ಗೂ ಕೈ ಹಾಕಿದೆ. ಚಾರ್ಜ್ ಇಲ್ಲದ ವಸ್ತುವನ್ನು ಎಲೆಕ್ಟ್ರೋಡ್ ಹೇಗೆ ನೋಡುತ್ತದೆ ಅಂದರೆ, ಬೇರಿಯಂ ಹಾಕಬೇಕು. ಎಥಾಕ್ಸಿಲೇಟ್ ಅನ್ನುವ ಇಂಥ ನಾನ್‌ಅಯಾನಿಕ್‌ನ ಉದ್ದ ಸರಪಳಿ ಬೇರಿಯಂ ಅಯಾನನ್ನು ಸುತ್ತಿಕೊಂಡು ಕ್ಯಾಟಯಾನಿಕ್ ವೇಷ ಹಾಕುತ್ತದೆ. ಆಮೇಲೆ ಸೋಡಿಯಂ ಟೆಟ್ರಾಫೀನೈಲ್‌ಬೋರೇಟ್ ಬಿಟ್ಟು ಟೈಟ್ರೇಟ್ ಮಾಡುವುದು. ಅದಕ್ಕೆ ಬೇರೆಯದೇ ಎಲೆಕ್ಟ್ರೋಡ್ ಇದೆ. ಒಬ್ಬ ಗೆಳತಿಯ ಲ್ಯಾಬಿನಿಂದ ಎರವಲು ತಂದು ನೋಡಿದೆ. ಈ ಬೋರೇಟಿಗೆ ಪೊಟ್ಯಾಸಿಯಂ ಕಂಡರಾಗದು, ಕೂಡಲೇ ಬಿಳಿ ಗಸಿ. ಅವಳ ರೆಫರೆನ್ಸ್ ಎಲೆಕ್ಟ್ರೋಡ್ ಒಳಗಿದ್ದದ್ದು ಪೊಟ್ಯಾಸಿಯಂ ಕ್ಲೋರೈಡ್. ಅದು ಸೋರುವ ಬಾಯಲ್ಲೇ ಗಸಿ ಕಟ್ಟಿ ಓದು ನಿಂತುಹೋಯಿತು. ಡಬಲ್ ಜಂಕ್ಷನ್ ಬೇಕು ಅಂದದ್ದು ಇದಕ್ಕೇ, ಹೊರಗಿನ ಕೋಣೆಯಲ್ಲಿ ಸೋಡಿಯಂ ಲವಣ ತುಂಬಿಸಬಹುದು. ಆದರೆ ನಮ್ಮ ಹ್ಯಾಂಡ್‌ವಾಶ್ ಸೋಪೇ ಪೊಟ್ಯಾಸಿಯಂದು. ಅಲ್ಲಿಗೆ ಆ ಪ್ರಯೋಗ ನಿಲ್ಲಿಸಿದೆ. ಆ ಒಂದು ಟೆಸ್ಟ್ ಈಗಲೂ ಹೊರಗಿನ ಲ್ಯಾಬಿಗೆ ಹೋಗುತ್ತದೆ.

ಇನ್ನೊಂದು ಆಸೆ ಇಟ್ಟುಕೊಳ್ಳಬೇಡಿ. ಇಂದ್ರಾಯಣಿ ನದಿಯ ನೊರೆ ಸುದ್ದಿಯಾದಾಗಲೆಲ್ಲ ಮಾಲೀಕರು "ನಮ್ಮ ಔಟ್‌ಲೆಟ್ ನೀರು ಇದರಾಗ ನೋಡಾಕ ಬರ್ತೈತೇನು?" ಅನ್ನುತ್ತಾರೆ. ಕುಡಿಯುವ ನೀರಿನ ಐಎಸ್ 10500ರಲ್ಲಿ ಅನಯಾನಿಕ್ ಡಿಟರ್ಜೆಂಟಿನ ಮಿತಿ ಲೀಟರಿಗೆ 0.2 ಮಿಲಿಗ್ರಾಮ್. ಔಟ್‌ಲೆಟ್ ನೀರಿನ ಮಿತಿ ಬೇರೆ, ಆದರೂ ಮಾತು ಮಿಲಿಗ್ರಾಮ್‌ಗಳದ್ದೇ. ನಮ್ಮ ಬೀಕರಿನಲ್ಲಿ ಇರುವುದು ಅದರ ನೂರಾರು ಪಟ್ಟು. ಅಷ್ಟು ತೆಳುವಿಗೆ ಮೆಥಿಲೀನ್ ಬ್ಲೂ ಪದ್ಧತಿಯೇ ಗತಿ, ಅದರಲ್ಲಿ ಮತ್ತೆ ಕ್ಲೋರೋಫಾರ್ಮ್. ಅದನ್ನೂ ಹೊರಗೆ ಕೊಡುತ್ತೇವೆ.

ಉಳಿದ ಹಳೆಯ ಕ್ಲೋರೋಫಾರ್ಮ್ ಕಸ ಹೊರಹಾಕುವುದು ನಾನು ಊಹಿಸದಿದ್ದ ತಲೆನೋವು. ಸಿಂಕಿಗೆ ಸುರಿಯುವ ಹಾಗಿಲ್ಲ. ಅಪಾಯಕಾರಿ ತ್ಯಾಜ್ಯ ಅಂತ ಅಧಿಕೃತ ಏಜೆನ್ಸಿಗೇ ಕೊಡಬೇಕು, ಫಾರ್ಮ್ 10 ಮ್ಯಾನಿಫೆಸ್ಟ್ (ತ್ಯಾಜ್ಯ ಸಾಗಣೆಯ ದಾಖಲೆ) ತುಂಬಬೇಕು, ಜೂನ್ 30ರ ಒಳಗಿನ ವಾರ್ಷಿಕ ಫಾರ್ಮ್ 4ರಲ್ಲೂ ತೋರಿಸಬೇಕು. ಕೆಲವು ಲೀಟರಿಗೆ ಯಾರೂ ಗಾಡಿ ಕಳಿಸಲ್ಲ ಅಂದರು. ಪಕ್ಕದ ಪ್ಲಾಟಿನ ಪೇಂಟ್ ಯೂನಿಟ್‌ಗೆ ಗಾಡಿ ಬರುವ ದಿನ ತಿಳಿದುಕೊಂಡು, ಅವತ್ತೇ ನಮ್ಮದೂ ಎತ್ತುವಂತೆ ಏಜೆನ್ಸಿಯನ್ನು ಒಪ್ಪಿಸಿದೆವು. ಮ್ಯಾನಿಫೆಸ್ಟ್ ನಮ್ಮ ಹೆಸರಲ್ಲಿ ಬೇರೆಯದೇ ಆಗಬೇಕು, ಅದನ್ನು ಬಿಡಬೇಡಿ.

ಎಲೆಕ್ಟ್ರೋಡ್ ಸಾಕುವ ಬಗ್ಗೆ ಎರಡು ಮಾತು. ಪ್ರತಿ ಟೈಟ್ರೇಶನ್ ಆದ ಮೇಲೆ ಪೊರೆಗೆ ಬಿಳಿ ಅಂಟು ಹತ್ತುತ್ತದೆ. ಮೆಥನಾಲ್ ನೀರಿನಲ್ಲಿ ಅದ್ದಿದ ಮೆತ್ತನೆ ಟಿಶ್ಯೂವಿನಿಂದ ಒತ್ತಿ ತೆಗೆಯಿರಿ, ಉಜ್ಜಬೇಡಿ. ನಮ್ಮದನ್ನು ತೊಳೆದು ಒಣಗಿಸಿ ಇಡಬೇಕು ಅಂತ ಹಾಳೆಯಲ್ಲಿದೆ. ಪಿಎಚ್ ಎಲೆಕ್ಟ್ರೋಡಿನ ಹಾಗೆ ದ್ರಾವಣದಲ್ಲಿ ಮುಳುಗಿಸಿಡುವುದಲ್ಲ. ನಿಮ್ಮ ತಯಾರಕರು ಏನು ಹೇಳುತ್ತಾರೋ ಅದನ್ನೇ ಮಾಡಿ. ಬೆಳಗಿನ ಸ್ಟ್ಯಾಂಡರ್ಡಿನ ಜಿಗಿತ ಎಷ್ಟು ಮಿಲಿವೋಲ್ಟ್ ಅಂತ ರಿಜಿಸ್ಟರಿನಲ್ಲಿ ಬರೆಯುತ್ತಾ ಬನ್ನಿ. ಕರ್ವ್ ಚಪ್ಪಟೆಯಾಗುತ್ತಾ ಬಂದರೆ ಪೊರೆಗೆ ವಯಸ್ಸಾಯಿತು ಅಂತ.

ವಿಜಯಪುರದ ಹುಡುಗಿ ಹೆರಿಗೆಗೆ ಊರಿಗೆ ಹೋದಳು, ಹೆಣ್ಣು ಮಗು. ಅವಳ ಜಾಗಕ್ಕೆ ಬಂದ ಹುಡುಗನಿಗೆ ಕ್ಲೋರೋಫಾರ್ಮ್ ಟೈಟ್ರೇಶನ್ ಕಲಿಸಬೇಕಾ ಬೇಡವಾ ಅಂತ ಯೋಚಿಸಿ, ಕಲಿಸಿದೆ. ಫಲಿತಾಂಶದ ಮೇಲೆ ಗಿರಾಕಿ ತಕರಾರು ತೆಗೆದರೆ ಎರಡನೇ ಪದ್ಧತಿ ಕೈಯಲ್ಲಿರಲಿ ಅಂತ ಒಂದು ಬಾಟಲಿ ಬೀಗ ಹಾಕಿ ಇಟ್ಟಿದ್ದೇವೆ. ರಿಜಿಸ್ಟರಿನಲ್ಲಿ ಜಿಗಿತ ಈಗಾಗಲೇ ಸ್ವಲ್ಪ ಇಳಿಯುತ್ತಿದೆ. ಹೊಸದು ಬರೋಕೆ ಎಷ್ಟು ಸಮಯ ಹಿಡಿಯುತ್ತದೆ ಅಂತ ಗೊತ್ತಲ್ವಾ, ಅದಕ್ಕೇ ಎರಡನೇ ಎಲೆಕ್ಟ್ರೋಡಿಗೆ ಕಳೆದ ವಾರವೇ ಪಿಒ ಹಾಕಿಸಿದೆ. ಈ ಸಲ ಕೇಬಲ್ ಬೇಕಾಗಿಲ್ಲ.